ಹೊಳೆವ್ವನ ಒಡಪು, ರುದ್ರವ್ವನ ಬಾಯಿ

ವಿಜಯಪುರ ಜಿಲ್ಲೆಯಲ್ಲಿ ಗೋಳಗುಮ್ಮಟಕ್ಕಿಂತ ದೊಡ್ಡ ಸದ್ದು ಮಾಡುವುದು ಒಂದೇ ಒಂದು, ಅದು ಸಾರವಾಡದ ಹೊಳೆವ್ವನ ಗಂಟಲು. ಗುಮ್ಮಟದೊಳಗೆ ಒಮ್ಮೆ ಕೂಗಿದರೆ ಏಳು ಸಲ ತಿರುಗಿ ಕೇಳುತ್ತದೆಂದು ಗೈಡುಗಳು ಪ್ರವಾಸಿಗರ ಮುಂದೆ ಜಂಬ ಕೊಚ್ಚುತ್ತಾರಲ್ಲ, ಹೊಳೆವ್ವ ಅಲ್ಲಿ ಬರೀ ಒಂದು ಸಲ ಸೀನಿದ್ದಳು. ಎಂಟನೆಯದೂ ಕೇಳಿಸಿತು. ಒಂಬತ್ತನೆಯದು ಗೋಡೆಯೊಳಗೆ ಎಲ್ಲೋ ಸಿಕ್ಕಿಕೊಂಡಿದೆ, ಹವೆ ತಂಪಾದಾಗ ಈಗಲೂ ಹೊರಗೆ ಬಂದು ಪಾರಿವಾಳಗಳನ್ನು ಹೆದರಿಸುತ್ತದೆ.

ಅಂಥ ಗಂಟಲನ್ನು ಆಕೆ ಮೂವತ್ತು ವರ್ಷದವಳಾಗುವವರೆಗೆ ಪಿಸುಗುಟ್ಟುವುದಕ್ಕೆ ಬಳಸಿದಳೆಂದರೆ ಯಾರು ನಂಬುತ್ತಾರೆ? ಆದರೆ ಆಕೆಯ ಕಸುಬೇ ಅದಾಗಿತ್ತು. ಈ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. 'ನಮ್ಮ ಮನ್ಯಾಗಿನವರು' ಎನ್ನುತ್ತಾಳೆ, 'ಹುಡುಗರಪ್ಪ' ಎನ್ನುತ್ತಾಳೆ, ತೀರ ಸಿಟ್ಟು ಬಂದಾಗ 'ಆ ಮನಶಾ' ಎನ್ನುತ್ತಾಳೆ. ಮದುವೆಯ ದಿನ, ಬಸುರಿಗೆ ಮಾಡುವ ಕುಬಸದ ದಿನ, ಹೊಸ ಮನೆಯ ಹೊಸ್ತಿಲು ದಾಟುವ ದಿನ ಮಾತ್ರ ಬಳಗದವರೆಲ್ಲ ಅಡ್ಡ ನಿಂತು 'ಹೆಸರ ಹೇಳ, ಹೆಸರ ಹೇಳ' ಎಂದು ಜೀವ ತಿನ್ನುತ್ತಾರೆ. ಆಗ ಆಕೆ ಪ್ರಾಸ ಕೂಡಿಸಿದ ಎರಡು ಸಾಲು ಕಟ್ಟಿ, ಬೆಲ್ಲದೊಳಗೆ ಗುಳಿಗೆ ಹುದುಗಿಸಿದಂತೆ ಅದರೊಳಗೆ ಗಂಡನ ಹೆಸರು ಹುದುಗಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಒಡಪು ಹೊಳೆಯದ ಮದುಮಗಳು ನಿಂತಲ್ಲೇ ಬೆವರುತ್ತಾಳೆ. ಹಾಗೆ ಬೆವರುವವರ ಬೆನ್ನ ಹಿಂದೆ ಕುಳಿತು ಕಿವಿಯಲ್ಲಿ ಒಡಪು ಊದುವವಳೇ ಹೊಳೆವ್ವ.

ಶುರುವಾದದ್ದು ಒಂಬತ್ತನೆಯ ವಯಸ್ಸಿನಲ್ಲಿ. ಸಾರವಾಡದಲ್ಲಿ ಸೋದರತ್ತೆಯ ಮದುವೆ. ವರ ಶಿವಲಿಂಗ, ಆತನ ಮೀಸೆ ಆತನಿಗಿಂತ ಮುಂಚೆ ಚಪ್ಪರದೊಳಗೆ ಬಂದಿತ್ತು. ಹೆಸರು ಹೇಳೆಂದರೆ ಅತ್ತೆಯ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಅತ್ತೆಯ ಸೆರಗಿನ ಕೆಳಗೆ ಅಡಗಿ ಕುಳಿತು ಕದ್ದ ಲಾಡು ತಿನ್ನುತ್ತಿದ್ದ ಹುಡುಗಿಯ ಬಾಯಿಂದ ತಾನಾಗಿಯೇ ಹೊರಬಿತ್ತು:

"ಸಾರವಾಡ ಬಸ್ಸಿಗಿ ಬಾಗಲಾ ಇಲ್ಲ, ಬಾಗಲಾ ಇದ್ದರ ಚಿಲಕ ಇಲ್ಲ,
ಶಿವಲಿಂಗರಾಯರ ಮೀಸಿಯಂಥಾ ಮೀಸಿ ಈ ಮುಲಕದಾಗ ಇಲ್ಲ!"

ಜನ ಎಷ್ಟು ನಕ್ಕರೆಂದರೆ ಚಪ್ಪರದ ನಾಲ್ಕು ಕಂಬಗಳಲ್ಲಿ ಮೂರು ಅಲ್ಲಾಡಿದವು. ನಾಲ್ಕನೆಯದಕ್ಕೆ ಶಿವಲಿಂಗನೇ ಒರಗಿ ನಿಂತು ಮೀಸೆ ತಿರುವುತ್ತಿದ್ದನಾದ್ದರಿಂದ ಅದು ಉಳಿಯಿತು. ಬಸ್ಸಿನ ಡ್ರೈವರನೂ ಊಟಕ್ಕೆ ಬಂದಿದ್ದ. ಮರುವಾರ ಬಸ್ಸಿಗೆ ಹೊಸ ಚಿಲಕ ಬಂತು.

ಹೊಳೆವ್ವನ ಅಪ್ಪ ಸಿದ್ದರಾಯ ಕುರಿ ಕಾಯುತ್ತಿದ್ದ. ಮಗಳನ್ನು ಜೊತೆಗೆ ಕರೆದುಕೊಂಡು ಹೋದರೆ ಆಕೆ ನಲವತ್ತು ಕುರಿಗೂ ಹೆಸರಿಟ್ಟು, ನಲವತ್ತು ಹೆಸರಿಗೂ ಒಡಪು ಕಟ್ಟಿ, ಸಂಜೆ ದೊಡ್ಡಿಯ ಬಾಗಿಲಲ್ಲಿ ಅಡ್ಡ ನಿಂತು ಒಂದೊಂದನ್ನೇ ಒಡಪು ಹೇಳಿ ಒಳಗೆ ಬಿಡುತ್ತಿದ್ದಳು. ಕುರಿಗಳು ಪಾಳಿಯಲ್ಲಿ ನಿಲ್ಲುವುದನ್ನು ಕಲಿತವು. ಶಾಲೆ ಮುಗಿಯುವ ಹೊತ್ತಿಗೆ ಸುತ್ತ ಹತ್ತು ಹಳ್ಳಿಯ ಮದುವೆಗೆ ಆಕೆಯೇ ಬೇಕಾಯಿತು. ಮುಂದೆ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕ ಒಂದು ಕೋಣೆ ಹಿಡಿದು ಬೋರ್ಡು ಬರೆಸಿದಳು: 'ಹೊಳೆವ್ವನ ಒಡಪು. ಮದುವೆ, ಕುಬಸ, ತೊಟ್ಟಿಲು. ಯಾವ ಹೆಸರಿದ್ದರೂ ನಡೆಯುತ್ತದೆ.' ಯಲ್ಲಾಲಿಂಗ ಎಂಬ ಹೆಸರಿಗೆ ಪ್ರಾಸ ಸಿಗುವುದಿಲ್ಲವೆಂದು ಊರ ಪಂಡಿತರು ಕೈಚೆಲ್ಲಿದ್ದರು. ಹೊಳೆವ್ವ ಹಲ್ಲುಜ್ಜುತ್ತ ಹನ್ನೊಂದು ಕಟ್ಟಿಕೊಟ್ಟಳು.

ಇಷ್ಟೆಲ್ಲ ಇದ್ದೂ ಆಕೆಗೆ ಒಂದು ಕೊರಗಿತ್ತು. ಚಪ್ಪಾಳೆ ಮದುಮಗಳಿಗೆ, ಬಗ್ಗಿ ಕುಳಿತ ಬೆನ್ನುನೋವು ಹೊಳೆವ್ವನಿಗೆ. ಜಿಲ್ಲೆಯ ಅರ್ಧ ಹೆಂಗಸರು ಆಕೆಯ ಮಾತನ್ನು ಆಡಿದ್ದರು, ಆಕೆಯ ಮುಖವನ್ನು ಮಾತ್ರ ಯಾರೂ ನೋಡಿರಲಿಲ್ಲ. ಒಮ್ಮೆಯಾದರೂ ವೇದಿಕೆಯ ಮೇಲೆ ನಿಂತು, ಮೈಕು ಹಿಡಿದು, ಇಡೀ ಮಂದಿಗೆ ಒಡಪಿನ ಆಟ ಆಡಿಸಬೇಕೆಂಬ ಆಸೆ ಗಂಟಲಲ್ಲಿ ಮುಳ್ಳಾಗಿ ಕುಳಿತಿತ್ತು.

ಆ ಆಸೆಯನ್ನು ಉಮರನ ಮುಂದೆ ಆಡಿದಳು. ಉಮರ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಮೈಕು, ಪೆಂಡಾಲು, ಕುರ್ಚಿ ಬಾಡಿಗೆಗೆ ಕೊಡುವವನು. ಆತನ ಮೈಕು ಇಲ್ಲದೆ ಜಿಲ್ಲೆಯಲ್ಲಿ ಮದುವೆಯ ಗಂಟು ಬೀಳುವುದಿಲ್ಲ.

"ಒಂದ ತಾಸ ಕೊಡತೀನವ್ವಾ," ಎಂದ ಉಮರ. "ಬರೂ ಐತವಾರ ತಿಕೋಟಾದಾಗ ಮದಿವಿ ಐತಿ. ಮಂದಿ ಕುಂತ ಕೇಳಿದ್ರ ಮುಂದ ನಂದೆಲ್ಲಾ ಮದಿವ್ಯಾಗ ನಿಂದ ಆಟ. ಎದ್ದ ಹ್ವಾದ್ರ ಸೊಲ್ಲಾಪುರದ ಡ್ಯಾನ್ಸಿನವರು ಗೆಜ್ಜಿ ಕಟಕೊಂಡ ಕುಂತಾರ."

"ಮಂದಿ ಏಳಂಗಿಲ್ಲ. ನಿನ್ನ ಕುರ್ಚಿ ಅವರಿಗೆ ಅಂಟಕೊಂಡ ಬರತಾವ, ನೋಡಕೋತ ಇರು."

ಮದುಮಗಳು ವಿಶಾಖಾ, ಇಬ್ರಾಹಿಂಪುರದಲ್ಲಿ ಹೊಳೆವ್ವನ ಎದುರು ಮನೆಯ ಟೀಚರು. ಮದುಮಗ ತಿಕೋಟಾದ ದೇವಾನಂದ, ಬ್ಯಾಂಕಿನ ನೌಕರ. ದ್ರಾಕ್ಷಿ ತೋಟಗಳ ನಡುವಿನ ಹಾಲ್‌ನಲ್ಲಿ ಮದುವೆ. ಬುದ್ಧನ, ಬಾಬಾಸಾಹೇಬರ ಫೋಟೊಗಳ ಮುಂದೆ ವಂದನೆ ಮುಗಿಯಿತು, ಅಕ್ಕಿಕಾಳು ಬಿತ್ತು, ಪಕ್ಕದ ಶೆಡ್ಡಿನಲ್ಲಿ ಮೊದಲನೆಯ ಪಂಕ್ತಿ ಊಟಕ್ಕೆ ಕುಳಿತಿತು. ಉಮರ ವೇದಿಕೆಗೆ ಬಂದು, "ಈಗ ನಿಮ್ಮ ಮುಂದ ಒಡಪಿನ ರಾಣಿ..." ಎನ್ನುವಷ್ಟರಲ್ಲಿ ಒಂದು ಮುದಿ ಕೈ ಆತನ ಕೈಯಿಂದ ಮೈಕು ಕಸಿದುಕೊಂಡಿತು.

ಆ ಕೈ ರುದ್ರವ್ವನದು. ದೇವಾನಂದನ ಅಜ್ಜಿ, ಮನೆಮಂದಿಗೆಲ್ಲ 'ಆಯಿ'. ವಯಸ್ಸು ಎಂಬತ್ತು, ಎತ್ತರ ನಾಲ್ಕೂವರೆ ಅಡಿ. ತಿಕೋಟಾದ ನಾಯಿಗಳು ಆಕೆ ಬರುವಾಗ ಬೊಗಳುವುದನ್ನು ನಿಲ್ಲಿಸಿ ಎದ್ದು ನಿಲ್ಲುತ್ತವೆ.

"ಯಾರ ಬೇ ನೀನು?" ಎಂದಳು ಮೈಕಿನಲ್ಲೇ.

"ಸಾರವಾಡದ ಹೊಳೆವ್ವ, ಆಯಿ."

"ಒಡಪಾ ಮಾರತಾಳಂತಲ್ಲ, ಅಕಿ ನೀನ? ಲಗ್ನ ಆಗೇತೇನ?"

"ಇಲ್ಲ."

"ಕೇಳ್ರಿಪಾ! ತನಗ ಗಂಡ ಇಲ್ಲ, ಊರ ಗಂಡಂದಿರ ಹೆಸರೆಲ್ಲಾ ಇಕಿ ಬಾಯಾಗ ಅದಾವು!"

ಹಾಲ್ ಗೊಳ್ಳೆಂದಿತು. ಹೊಳೆವ್ವ ಬೆನ್ನು ನೆಟ್ಟಗೆ ಮಾಡಿ ನಿಂತಳು. "ಅದಕ್ಕ ಆಯಿ, ಒಂದ ಹೆಸರಿಗೆ ನನ್ನ ಬಾಯಿ ಕಟ್ಟಿಲ್ಲ. ನಿಮ್ಮ ಬಾಯಾಗ ಒಂದ ಹೆಸರ ಐತಿ, ಅದನ್ನರ ಹೇಳ್ರಿ ನೋಡೂಣು."

ನಗೆ ಅರ್ಧಕ್ಕೇ ನಿಂತಿತು. ವಿಶಾಖಾ ಹಿಂದಿನಿಂದ ಹೊಳೆವ್ವನ ಸೆರಗು ಜಗ್ಗಿ, "ಅಯ್ಯ, ಅದನ್ನ ಕೇಳಬಾರದಿತ್ತಕ್ಕಾ!" ಎಂದು ಪಿಸುಗುಟ್ಟಿದಳು. ರುದ್ರವ್ವ ಮದುವೆಯಾಗಿ ಅರವತ್ತು ವರ್ಷಕ್ಕೂ ಮೇಲಾಗಿತ್ತು. ಒಂದು ಸಲವೂ ಗಂಡ ಪರಸಪ್ಪನ ಹೆಸರನ್ನು ಆಕೆ ಹೇಳಿರಲಿಲ್ಲ. ಒಡಪಿನಲ್ಲೂ ಇಲ್ಲ, ಕನಸಿನಲ್ಲೂ ಇಲ್ಲ. ನಾಲ್ಕು ಮಕ್ಕಳ ಮದುವೆಯಲ್ಲಿ ಬೀಗರು ಕೈಮುಗಿದು ಕೇಳಿದ್ದರು. ಹಿಂದೊಮ್ಮೆ ಜನಗಣತಿಗೆ ಬಂದ ಮಾಸ್ತರ ಹೆಸರು ಬರೆದುಕೊಳ್ಳಲು ಕಾದು ಕಾದು ನಿವೃತ್ತನಾಗಿ, ಕೊನೆಗೆ ಆತನ ಬದಲಿಗೆ ಇನ್ನೊಬ್ಬ ಮಾಸ್ತರ ಬಂದಿದ್ದ. ಯಾಕೆ ಹೇಳುವುದಿಲ್ಲವೆಂದು ಯಾರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯ ಇದ್ದವರು ತಿಕೋಟಾದಲ್ಲಿ ಹುಟ್ಟಿರಲಿಲ್ಲ.

"ಹೇಳಸ್ತೀ ಏನ ನನ್ನ ಬಾಯಿಲೆ?" ಎಂದಳು ರುದ್ರವ್ವ, ಕಣ್ಣು ಕಿರಿದು ಮಾಡಿ.

ಬುದ್ಧಿ ಇದ್ದವಳಾದರೆ ಇಲ್ಲಿ ತಪ್ಪಾಯಿತೆಂದು ಕಾಲಿಗೆ ಬೀಳುತ್ತಿದ್ದಳು. ಹೊಳೆವ್ವನಿಗೆ ಬುದ್ಧಿಗಿಂತ ಗಂಟಲು ದೊಡ್ಡದು. "ಹೇಳಸ್ತೀನಿ."

"ಹೇಳಸಲಿಲ್ಲಂದ್ರ?"

"ಇಬ್ರಾಹಿಂಪುರದಾಗಿನ ನನ್ನ ಬೋರ್ಡ ಕಿತ್ತ ಒಲಿಗೆ ಹಾಕತೀನಿ. ಒಡಪಾ ಅನ್ನೂ ಶಬ್ದ ಮತ್ತ ಈ ಬಾಯಾಗ ಬರಂಗಿಲ್ಲ. ಹೇಳಿಸಿದ್ರ?"

"ಈ ಮೈಕ ನಿನ್ನ ಕೈಯಾಗ ನಾನ ಕೊಡತೀನಿ. ಮೂರನೇ ಪಂಕ್ತಿ ಎಲಿ ಬಿಟ್ಟ ಏಳೂತನಕ ನಿನಗ ಯಾಳೆ ಕೊಟ್ಟೀನಿ. ಅಲ್ಲೀತನಕ ಮೈಕ ಮುಟ್ಟೀದಿ ಅಂದ್ರ ಕೈ ಮುರೀತೀನಿ." ಎಂದವಳೇ ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ವೇದಿಕೆಯ ಸೋಫಾದಲ್ಲಿ, ಮದುಮಕ್ಕಳನ್ನು ಎರಡು ಕಡೆ ಸರಿಸಿ, ನಟ್ಟ ನಡುವೆ ಕುಳಿತಳು.

ಉಮರ ಹಣೆ ಹಣೆ ಬಡಿದುಕೊಂಡ. "ಒಂದ ತಾಸ ಆಟ ಆಡ್ಸಂದ್ರ ಇದ್ದ ಅಂಗಡಿನ ಪಣಕ್ಕ ಇಟ್ಟ ಕುಂತ್ಯಲ್ಲವ್ವಾ!"

ಹೊಳೆವ್ವ ಒಳಗೊಳಗೆ ಲೆಕ್ಕ ಹಾಕಿದಳು. ಬೋರ್ಡು ಹೋದರೆ ಉಳಿಯುವುದು ಅಪ್ಪನ ಕುರಿಗಳು ಮಾತ್ರ, ಆ ಕುರಿಗಳಿಗೆ ಒಡಪೆಲ್ಲ ಬಾಯಿಪಾಠವಾಗಿ ಬೇಸರ ಬಂದಿತ್ತು. ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೈಕಿಲ್ಲದ ಬರೀ ಗಂಟಲಿನಲ್ಲಿ ಶುರು ಮಾಡಿದಳು. ಬಬಲೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಕುಳಿತವರಿಗೂ ಕೇಳಿಸಿತಂತೆ.

"ಜ್ವಾಳದ ರೊಟ್ಟಿಗಿ ಬದನಿಕಾಯಿ, ಗೋದಿ ಹುಗ್ಗಿಗಿ ತುಪ್ಪ,
ಆಯಿ ಸಿಟ್ಟಿಗಿ ನಕ್ಕೋತ ಕುಂತಾಂವ ಯಾರು? ಅಂವಾ ಪರ..."

ಅಲ್ಲಿಗೆ ನಿಲ್ಲಿಸಿ ಕೈ ಚಾಚಿದಳು. ತುಪ್ಪಕ್ಕೆ ಕೂಡುವ ಹೆಸರು ಒಂದೇ ಇತ್ತು. ಎಂಥವರ ಬಾಯಿಯೂ ತಾನಾಗಿ ಜಾರಬೇಕು. ಹಾಲ್‌ನ ಮಂದಿಯೆಲ್ಲ ತುಟಿ ಮುಂದೆ ಮಾಡಿ ಕಾದರು.

"ಪರದೇಶಿ!" ಎಂದಳು ರುದ್ರವ್ವ ಮೈಕಿನಲ್ಲಿ.

ನಗೆ ಎಷ್ಟು ಜೋರಾಗಿ ಎದ್ದಿತೆಂದರೆ ಶೆಡ್ಡಿನಲ್ಲಿ ಉಣ್ಣುತ್ತಿದ್ದ ಮೊದಲನೆಯ ಪಂಕ್ತಿ ಏನಾಯಿತೆಂದು ಕೈ ತೊಳೆಯದೆ ಓಡಿ ಬಂತು. ವೇದಿಕೆಯ ಕೆಳಗೆ, ಮುಂದಿನ ಸಾಲಿನ ಕುರ್ಚಿಯಲ್ಲಿ, ಪರಸಪ್ಪ ಮುತ್ಯಾ ಬೊಚ್ಚುಬಾಯಿ ಅಗಲಿಸಿ ನಗುತ್ತಿದ್ದ. ಎಂಬತ್ತೈದರ ಮುದುಕ, ತಲೆಗೆ ಬಿಳಿ ಪಟಗ, ಕಿವಿ ಕೇಳಿಸದೆ ಇಪ್ಪತ್ತು ವರ್ಷವಾಗಿತ್ತು. ಪಕ್ಕದಲ್ಲಿ ಪಟಾಕಿ ಹಚ್ಚಿದರೂ 'ಯಾರರ ಬಂದ್ರೇನ?' ಎಂದು ಕೇಳುವಷ್ಟು ಕಿವುಡ.

ಹೊಳೆವ್ವ ಹಾದಿ ಬದಲಿಸಿದಳು. "ಹೋಗಲಿ ಬಿಡ್ರಿ ಆಯಿ. ರೇಷನ್ ಕಾರ್ಡಿನ್ಯಾಗ ನಿಮ್ಮ ಮನಿ ಯಜಮಾನರ ಹೆಸರ ಏನೈತಿ?"

"ಯಜಮಾನಿ ನಾನ ಅದೀನಿ. ನಂದ ಹೆಸರೈತಿ."

"ಗ್ಯಾಸ್ ಸಿಲಿಂಡರ?"

"ಅದೂ ನಂದ."

"ಹೊಲದ ಉತಾರಾ, ಪಹಣಿ ಕಾಗದ?"

"ಹೊಲದ ಉತಾರಾ ಓದಾಕ ನನಗ ಬರೂದಿಲ್ಲ. ನಿನಗ ಬರತೈತೇನ? ತಂದ ಓದ, ನಾ ಕೇಳತೀನಿ."

ಎರಡನೆಯ ಪಂಕ್ತಿಗೆ ಎಲೆ ಹಾಕಿದ್ದರು. ಉಣ್ಣುವವರು ಎಲೆಯ ಮುಂದೆ ಕೂಡ್ರಲೊಲ್ಲರು. ಅನ್ನದ ಬುಟ್ಟಿ ಹಿಡಿದವರೂ ಬಾಗಿಲಲ್ಲಿ ನಿಂತುಬಿಟ್ಟರು. ಉಮರನ ಮುಖದಲ್ಲಿ ಅರ್ಧ ಬೆಳಕು ಬಂತು. ಮಂದಿ ಕುಳಿತಿದ್ದಾರೆ, ಅಷ್ಟೇ ಅಲ್ಲ, ಬಿಟ್ಟ ಊಟ ನೆನೆಯದೆ ಕುಳಿತಿದ್ದಾರೆ.

ಹೊಳೆವ್ವ ಈಗ ಹಾಲ್‌ನೊಳಗೆ ಇಳಿದಳು. ಹೆಂಗಸರ ಸಾಲಿನ ಮೊದಲ ಕುರ್ಚಿಯಿಂದ ಒಬ್ಬೊಬ್ಬರನ್ನೇ ಎಬ್ಬಿಸಿ ಒಡಪು ಹೇಳಿಸುತ್ತ ಹೊರಟಳು, ಬೆಂಕಿ ಹುಲ್ಲಿಗೆ ಹತ್ತಿದಂತೆ ಅದು ಸರಸರ ಹಬ್ಬಿತು. ಬಾಯಿ ಬಾರದವರಿಗೆ ಬಾಯಿ ಬಂತು, ನಾಚುವವರು ಸೆರಗು ಸರಿಸಿದರು. ವಿಶಾಖಾಳ ನೆರೆಯ ಹುಸೇನಬಿ ಎದ್ದು ನಿಂತು ಗಂಡನ ಕಡೆ ಬೆರಳು ಮಾಡಿ ಹೇಳಿದಳು:

"ಇಬ್ರಾಹಿಂಪುರ ಗೇಟಿಗಿ ಬಸ್ಸ ನಿಂದರತೈತಿ, ಲಾರಿ ನಿಂದರತೈತಿ,
ಜಾಹೀದಮಿಯಾನ ಮಾತ ಮಾತ್ರ ಯಾವ ಗೇಟಿಗಿ ನಿಂದರತೈತಿ?"

ಮಾತಿನ ಮಲ್ಲ ಜಾಹೀದನಿಗೆ ಮೊದಲ ಸಲ ಮಾತು ನಿಂತಿತು. ಹೀಗೆ ನೂರೆಂಟು ಹೆಂಗಸರು, ನೂರೆಂಟು ಗಂಡಂದಿರು. ಎಣಿಸಿದವರು ಇನ್ನೂ ಹೆಚ್ಚೆನ್ನುತ್ತಾರೆ. ಆ ಅಲೆ ಸಾಲು ಸಾಲು ದಾಟಿ ವೇದಿಕೆ ಹತ್ತಿತು. ಮದುಮಗಳು ವಿಶಾಖಾ ಕೂಡ, ಯಾರ ಪಿಸುಮಾತೂ ಇಲ್ಲದೆ ತಾನೇ ಕಟ್ಟಿ, ದೇವಾನಂದನ ಹೆಸರು ಹೇಳಿ ಸೋಫಾದಲ್ಲಿ ಕೆಂಪಗಾದಳು. ಪಕ್ಕದಲ್ಲೇ ಅಜ್ಜಿ. ಅಲೆ ಬಂದು ಆಕೆಯ ಕಾಲಿಗೆ ಬಡಿಯಿತು.

"ನನ್ನ ಪಾಳಿ ದಾಟ್ರಿ," ಎಂದಳು ರುದ್ರವ್ವ.

ಎರಡನೆಯ ಪಂಕ್ತಿ ಹೇಗೋ ಉಂಡು ಎದ್ದಿತ್ತು. ಶೆಡ್ಡಿನಿಂದ ಯಾರೋ ಕೂಗಿದರು: "ಮೂರನೇ ಪಂಕ್ತಿಗೆ ಬರ್ರಿ! ಹುಗ್ಗಿ ಆರಾಕತ್ತೇತಿ!" ಹೊಟ್ಟೆ ಯಾರ ಮಾತು ಕೇಳುತ್ತದೆ? ಹಸಿದ ಗಂಡಸರು ಒಬ್ಬೊಬ್ಬರೇ ಎದ್ದು ಹೋಗಿ ಉಣ್ಣಲು ಕುಳಿತರು. ಉಮರ ಹೊಳೆವ್ವನ ಹತ್ತಿರ ಬಂದ. "ಸೋತೆ ಅಂತ ಹೇಳಿಬಿಡವ್ವಾ. ಮುದುಕಿ ಮಾಫ್ ಮಾಡತಾಳ."

ಹೊಳೆವ್ವ ಆಗಲೇ ಬೇರೆ ಕಡೆ ತಿರುಗಿದ್ದಳು. ಆಕೆಯ ಕಣ್ಣು ಮುಂದಿನ ಸಾಲಿನ ಮುತ್ಯಾನ ಮೇಲಿತ್ತು. ಒಂದು ವಿಚಿತ್ರ ಆಕೆಗೆ ಈಗ ಹೊಳೆದಿತ್ತು. ತಾನು, ಗುಮ್ಮಟಕ್ಕೇ ಸವಾಲು ಹಾಕುವ ಗಂಟಲಿನವಳು, ಎರಡು ಮಾರು ದೂರದಲ್ಲಿ ನಿಂತು ಒದರಿದಾಗ ಮುದುಕ ಕಣ್ಣು ಮಿಟುಕಿಸಿರಲಿಲ್ಲ. ನೂರೆಂಟು ಹೆಂಗಸರ ಒಡಪಿಗೂ ಆತ ಪಟಗ ಸರಿಮಾಡಿಕೊಳ್ಳುತ್ತ ಕುಳಿತಿದ್ದ. ಆದರೆ ರುದ್ರವ್ವ ತುಟಿ ಬಿಚ್ಚಿದರೆ ಸಾಕು, ಜನರಿಗಿಂತ ಮುಂಚೆ ಆತ ನಗುತ್ತಿದ್ದ. 'ಪರದೇಶಿ' ಎಂದಾಗಲೂ, 'ಪಾಳಿ ದಾಟ್ರಿ' ಎಂದಾಗಲೂ. ಜಗತ್ತಿನ ಒಂದೇ ಸದ್ದು ಆ ಕಿವಿಯೊಳಗೆ ಹೋಗುತ್ತಿತ್ತು, ಅಥವಾ ಆತ ಆ ಒಂದೇ ತುಟಿಯನ್ನು ಜೀವಮಾನವಿಡೀ ಓದಿ ಕಲಿತಿದ್ದ.

ಹೊಳೆವ್ವ ಮುತ್ಯಾನ ಮುಂದೆ ನೆಲದ ಮೇಲೆ ಕುಳಿತಳು. ತನ್ನ ಮುಖ ಆತನಿಗೆ ನೆಟ್ಟಗೆ ಕಾಣುವಂತೆ ಮಾಡಿ, ಆ ತುಟಿ ಓದಿದವನು ತನ್ನದನ್ನೂ ಓದಲೆಂದು, ಒಂದೊಂದು ಅಕ್ಷರ ಬಿಡಿಸಿ ನಿಧಾನವಾಗಿ ಕೇಳಿದಳು. "ಮುತ್ಯಾ, ಆಯಿ ನಿಮ್ಮ ಹೆಸರ ಹೇಳಿಲ್ಲ, ಖರೇ. ನೀವು ಯಾವತ್ತರ ಆಯಿ ಹೆಸರ ಹೇಳೀರೇನು?"

ಹಿಂದಿನಿಂದ ಒಬ್ಬ ಬೀಗ ಒದರಿದ. "ಗಂಡಸರ ಯಾಕ ಹೇಳಬೇಕು? 'ಏ ಕೇಳಿಲ್ಲೆ' ಅಂದ್ರ ಬರತಾರಲ್ಲ!"

"ಹೌದಪಾ ಹೌದು, ನಿನ್ನ ಹೇಣ್ತಿ ಹೆಸರ 'ಏ ಕೇಳಿಲ್ಲೆ' ಅಂತ ಇಟ್ಟಿದ್ರೇನ ಅವರಪ್ಪ?" ಎಂದು ಹೊಳೆವ್ವ ತಿರುಗಿ ಗುಡುಗಿದಳು. ಹೆಂಗಸರ ಕಡೆಯಿಂದ ಶಿಳ್ಳೆ ಬಂತು. ಗಂಡಸರೆಲ್ಲ ಏಕಕಾಲಕ್ಕೆ ಮೇಲಿನ ಫ್ಯಾನುಗಳನ್ನು ನೋಡತೊಡಗಿದರು. ಅಷ್ಟು ಭಕ್ತಿಯಿಂದ ಫ್ಯಾನನ್ನು ಯಾರೂ ಯಾವತ್ತೂ ನೋಡಿರಲಿಲ್ಲ.

ಪರಸಪ್ಪ ಮುತ್ಯಾ ಎದ್ದ. ಕೋಲು ಊರಿ ವೇದಿಕೆಯ ಮೂರು ಮೆಟ್ಟಿಲು ಹತ್ತಿದ. ಸೋಫಾದ ಮುಂದೆ ನಿಂತು, ಹೆಂಡತಿಯ ಮುಷ್ಟಿಯಲ್ಲಿದ್ದ ಮೈಕಿಗೆ ಬಾಯಿ ಹಚ್ಚಲು ಬಗ್ಗಿದ. ಮೈಕು ಬಿಡಲು ಆಕೆ ಒಲ್ಲಳು, ದೂಡಲೂ ಒಲ್ಲಳು. ಹಾಗೆ ಹಣೆಗೆ ಹಣೆ ತಾಗುವಷ್ಟು ಹತ್ತಿರದಿಂದ ಆತ ಹೇಳಿದ:

"ತಿಕೋಟಾ ದ್ರಾಕ್ಷಿ ತಿಂದೆ, ಬಬಲೇಶ್ವರ ಕಬ್ಬ ತಿಂದೆ, ಹೊಟ್ಟಿ ತುಂಬಲಿಲ್ಲವ್ವ,
ಅರವತ್ತ ವರ್ಷ ಬೈಗಳಾ ತಿಂದೇನಿ, ಇನ್ನೊಂದ ತುತ್ತ ಹಾಕ ನನ್ನ ಚಿಮಣವ್ವ!"

ಇನ್ನೇನು ಚಪ್ಪಾಳೆ ಬೀಳುವುದರಲ್ಲಿತ್ತು. ಎತ್ತಿದ ಕೈಗಳು ಗಾಳಿಯಲ್ಲೇ ನಿಂತವು.

ಚಿಮಣವ್ವ?

ದೇವಾನಂದನ ತಾಯಿ ಬಾಯಿಗೆ ಸೆರಗು ಒತ್ತಿದಳು. ಯಾರೋ ಪಿಸುಗುಟ್ಟಿದರು, "ಚಿಮಣವ್ವ ಯಾರಕಿ ಬೇ?" ಇನ್ನೊಬ್ಬರು, "ಎಂಬತ್ತೈದಕ್ಕ ಹೊರಗ ಬಂತ ನೋಡ, ಮುತ್ಯಾಂದ!" ಎಂದರು. ಉಮರ ಆಂಪ್ಲಿಫೈಯರ್‌ನ ಗುಂಡಿಯ ಮೇಲೆ ಬೆರಳಿಟ್ಟ, ಮುಂದೆ ಬರುವ ಬೈಗಳು ಮೈಕಿನಲ್ಲಿ ಬರುವಂಥವಾಗಿರಲಿಕ್ಕಿಲ್ಲವೆಂದು. ಹೊಳೆವ್ವ ನೆಲದಿಂದ ತಟ್ಟನೆ ಎದ್ದಳು. ಬೋರ್ಡು ಹೋಯಿತು, ಅದು ಸರಿ. ಮೇಲೆ ಒಂದು ಸಂಸಾರವೂ ತನ್ನ ಕೈಯಲ್ಲಿ ಹೋಯಿತಲ್ಲ!

ರುದ್ರವ್ವ ಮುದುಕನನ್ನು ನೋಡಿದಳು. ಎಂಬತ್ತು ವರ್ಷದ ಮುಖದ ಸುಕ್ಕುಗಳೆಲ್ಲ ಜಾಗ ಬದಲಿಸಿದವು.

"ಏ ಪರಸಪ್ಪಾ!"

ಸ್ಪೀಕರುಗಳು ಕಿರ್ರೆಂದವು. ದ್ರಾಕ್ಷಿ ತೋಟದ ಗಿಳಿಗಳು ಒಟ್ಟಿಗೆ ಎದ್ದು ಬಬಲೇಶ್ವರದ ಕಡೆ ಹಾರಿದವು.

"ಏ ಪರಸಪ್ಪಾ! ಅರವತ್ತ ವರ್ಷ ಎಲ್ಲಿ ಇಟ್ಟಿದ್ಯೋ ಆ ಹೆಸರ?"

ಮಂದಿಗೆ ಏನೂ ತಿಳಿಯಲಿಲ್ಲ. ಆಕೆಯೇ ಮಂದಿಯ ಕಡೆ ತಿರುಗಿದಳು. "ಯಾರಕಿ, ಯಾರಕಿ ಅಂತೀರಿ? ಚಿಮಣವ್ವ ನಾನ! ನಮ್ಮಪ್ಪ ಇಟ್ಟ ಹೆಸರದು. ಲಗ್ನಾಗಿ ಬಂದ ದಿನ ಇವರವ್ವ ಹೊಸ್ತಲದಾಗ ನಿಂದರಿಸಿ, ಹೆಸರ ಹೇಳ ಅಂದ್ಲು. ನಂಗ ಹದಿನಾರು ವರ್ಷ, ನಾಚಿಕಿ ಬಂತು, ನಾಲಿಗಿ ಹೊಳ್ಳಲಿಲ್ಲ. ಬಾಯಿಲ್ಲದಾಕಿಗೆ ಚಿಂವ್ ಚಿಂವ್ ಅನ್ನೂ ಗುಬ್ಬಿ, ಚಿಮಣಿ ಹೆಸರ ಯಾಕ, ಅಂದ್ಲು. ರುದ್ರವ್ವ ಅಂತ ಹೆಸರ ಬದಲಿ ಮಾಡಿ ಒಳಗ ಕರಕೊಂಡ್ಲು."

ಮದುವೆಯಾಗಿ ಬಂದವಳ ಹೆಸರು ಬದಲಿಸುವುದು ಈ ಕಡೆ ಹೊಸತಲ್ಲ. ಆ ಹಾಲ್‌ನಲ್ಲಿ ಕುಳಿತ ಮುದುಕಿಯರಲ್ಲಿ ಅರ್ಧ ಜನಕ್ಕೆ ತವರಿನದೊಂದು, ಗಂಡನ ಮನೆಯದೊಂದು ಹೆಸರು. ಅವರೆಲ್ಲ ಸುಮ್ಮನೆ ತಲೆಯಾಡಿಸಿದರು. ಕಿರಿಯರು ಮೊದಲ ಸಲ ಕೇಳುವವರಂತೆ ತಮ್ಮ ತಮ್ಮ ಆಯಿಗಳ ಮುಖ ನೋಡಿದರು.

"ನನ್ನ ಹೆಸರ ಕಸಗೊಂಡ ಮನ್ಯಾಗ ನಾ ಯಾಕ ಯಾರ ಹೆಸರರ ಹೇಳಲಿ?" ಎಂದಳು ರುದ್ರವ್ವ. "ಅವತ್ತ ಆಣಿ ಹಾಕೊಂಡೆ."

ಮುತ್ಯಾ ಆಕೆಯ ತುಟಿಯನ್ನೇ ನೋಡುತ್ತಿದ್ದ. "ನಾ ದಿನಾ ಕರದೀನಲ್ಲ, ಚಿಮಣವ್ವ ಅಂತ."

"ಯಾವಾಗ ಕರದಿ?"

"ಮನಸಿನ್ಯಾಗ."

"ನಿನಗ ಕಿವಿ ಇಲ್ಲ ಅಂದ್ರ ಬಾಯೂ ಹೋಗಿತ್ತೇನ? ಮನಸಿನ್ಯಾಗ ಕರದರ ನನಗ ಹ್ಯಾಂಗ ಕೇಳಬೇಕೋ ಮಾರಾಯಾ!" ಎಂದು ಆಕೆ ಆತನ ಪಟಗವನ್ನು ತಟ್ಟಿದಳು. ಪಟಗ ಕೆಳಗೆ ಬಿತ್ತು. ಆಗ ಎದ್ದ ಚಪ್ಪಾಳೆಯ ಗಾಳಿಗೆ ಶೆಡ್ಡಿನ ಎಲೆಗಳೆಲ್ಲ ಹಾರಿದವು, ಹಾಗಾಗಿ ಮೂರನೆಯ ಪಂಕ್ತಿ ಎಲೆ ಬಿಟ್ಟು ಎದ್ದಿತೋ, ಎಲೆಯೇ ಪಂಕ್ತಿ ಬಿಟ್ಟು ಎದ್ದಿತೋ ಇವತ್ತಿಗೂ ಇತ್ಯರ್ಥವಾಗಿಲ್ಲ.

ತಕರಾರು ತೆಗೆದವನು ಮದುಮಗ ದೇವಾನಂದ. ಬ್ಯಾಂಕಿನವನಲ್ಲವೇ, ಕಾಗದ ಸರಿಯಿಲ್ಲದೆ ಏನನ್ನೂ ಒಪ್ಪುವವನಲ್ಲ. "ಪಣ ಒಡಪಿಂದಿತ್ತು. ಆಯಿ ಬೈದಾಳ, ಒಡಪಾ ಹೇಳಿಲ್ಲ. ಬೈಗಳದಾಗ ಬಂದ ಹೆಸರ ನಡಿಯೂದಿಲ್ಲ."

ಹೌದೆನ್ನುವವರು ಒಂದು ಕಡೆ, ಅಲ್ಲವೆನ್ನುವವರು ಇನ್ನೊಂದು ಕಡೆ. ವಿಶಾಖಾ ಗಂಡನನ್ನು ಮದುವೆಯಾಗಿ ಎರಡು ತಾಸಿನೊಳಗೆ ಮೊದಲ ಸಲ ಗದರಿಸಿದಳು. ತೀರ್ಪು ಕೊಡಬೇಕಾದವಳು ಸೋಫಾದ ಮೇಲಿದ್ದಳು. ಸೋಫಾದವಳು 'ಸುಮ್ಮಕಿರಲೇ ದೇವ್ಯಾ' ಎಂದು ಎದ್ದು ನಿಂತು, ಗಂಟಲು ಸರಿಮಾಡಿ, ಗಂಡನ ಕಡೆ ಕೈ ಮಾಡಿದಳು:

"ಬಿಸಲ ಕಂಡರ ನೆಳ್ಳ ಬೇಕು, ರೊಟ್ಟಿ ಕಂಡರ ಪಲ್ಲೆ ಬೇಕು,
ಪರಸಪ್ಪನಂಥಾ ಕಿವುಡ ಗಂಡಗ ನನ್ನಂಥಾ ಮೈಕ ಬೇಕು!"

ಪಣ ಗೆದ್ದಾಯಿತು. ಹೊಳೆವ್ವ ಕಣ್ಣೊರೆಸಿಕೊಂಡು, ಮೆಟ್ಟಿಲು ಹತ್ತಿ, ಜೀವಮಾನದ ಆಸೆಗೆ ಕೈ ಚಾಚಿದಳು. "ಕೊಡ್ರಿ ಆಯಿ."

"ತಡಿ ಬೇ, ಇನ್ನೊಂದ ಐತಿ."

ಇನ್ನೊಂದು ಹೇಳಿದಳು. ಅದರ ಬೆನ್ನಿಗೆ ಮತ್ತೊಂದು. ಅರವತ್ತು ವರ್ಷ ಒಳಗೇ ಕಟ್ಟಿ, ಒಳಗೇ ಪೇರಿಸಿಟ್ಟ ಒಡಪುಗಳು. ಒಂದು ಬಾಗಿಲು ತೆರೆದದ್ದೇ ತಡ, ಹೊಳೆವ್ವನ ಕುರಿಗಳ ಹಾಗಲ್ಲ, ಪಾಳಿ ಗೀಳಿ ಇಲ್ಲದೆ ನುಗ್ಗಿ ಬಂದವು. ಪರಸಪ್ಪ ಉಳುವಾಗಿನದು, ಪರಸಪ್ಪ ಗೊರಕೆ ಹೊಡೆಯುವಾಗಿನದು, ಪರಸಪ್ಪ ಬಸ್ಸು ತಪ್ಪಿಸಿಕೊಂಡದ್ದು. ಹೊಳೆವ್ವ ಮೂರು ಸಲ ಕೈ ಚಾಚಿ ಮೂರು ಸಲ ಹಿಂದಕ್ಕೆ ತೆಗೆದಳು. ನಾಲ್ಕನೆಯ ಸಲ ತಡೆಯಲಾರದೆ, ಬರೀ ಗಂಟಲಿನಲ್ಲಿ, ಆಕೆಯ ಒಡಪಿಗೆ ಎದುರು ಒಡಪು ಹಾಕಿದಳು. ಮುದುಕಿ ಹುಬ್ಬೇರಿಸಿ ತಿರುಗಿ ಹಾಕಿದಳು. ಆಮೇಲೆ ನಡೆದದ್ದನ್ನು ಆಟ ಅನ್ನಬೇಕೋ ಕುಸ್ತಿ ಅನ್ನಬೇಕೋ. ಅಡುಗೆಯವರೂ ಒಲೆ ಬಿಟ್ಟು ಬಂದು ಕುಳಿತರು. ಸಂಜೆ ಬಸ್ಸುಗಳು ಖಾಲಿ ಹೋದವು. ಉಮರನ ಕುರ್ಚಿಗಳು ಸಾಲದೆ ತಿಕೋಟಾದ ಮೂರು ಶಾಲೆಗಳ ಬೆಂಚುಗಳು ಬಂದವು; ಒಬ್ಬ ನಾಲ್ಕೆನ್ನುತ್ತಾನೆ.

ಆಟ ಮುಗಿದ ಮೇಲೆ ಬಬಲೇಶ್ವರದ ರುಕ್ಮವ್ವ ಎಂಬಾಕೆ ಹೊಳೆವ್ವನನ್ನು ಹಿಡಿದುಕೊಂಡಳು. "ಮುಂದಿನ ಸ್ವಾಮಾರ ನನ್ನ ಮಗಳ ಕುಬಸ ಐತವಾ. ನೀ ಬರಬೇಕು. ಆ ಆಯಿನೂ ಬರಬೇಕು. ಒಬ್ಬಾಕಿನ ಬರೂದಾದ್ರ ಒಲ್ಲೆ."

ಉಮರ ಆಗಲೇ ಡೈರಿ ತೆಗೆದಿದ್ದ. "ನಂದೆಲ್ಲಾ ಮದಿವಿ ನಿಂದ ಅಂತ ಹೇಳಿದ್ನಲ್ಲ. ಈಗ 'ನಿಮ್ಮದು' ಅಂತ ಬರಕೊಂಡೀನಿ."

ಹೊಳೆವ್ವ ವೇದಿಕೆಯ ಕಡೆ ನೋಡಿದಳು. ಹಾಲ್‌ನ ಮುದುಕಿಯರೆಲ್ಲ ರುದ್ರವ್ವನನ್ನು ಸುತ್ತುವರಿದು, ಒಬ್ಬರ ಮೇಲೊಬ್ಬರು ಬಿದ್ದು ಮೈಕಿಗೆ ಬಾಯಿ ಹಚ್ಚುತ್ತಿದ್ದರು. ಎಷ್ಟು ಊರು, ಎಷ್ಟು ಆಯಿಗಳು, ಎಷ್ಟು ವರ್ಷದ ಸರಕು! ತಾನು ಇಷ್ಟು ದಿನ ಬಾಯಿ ಬಾರದ ಹುಡುಗಿಯರ ಕಿವಿಯಲ್ಲಿ ಊದುತ್ತ ಕುಳಿತಿದ್ದೆನಲ್ಲ ಎಂದು ಹಣೆ ಬಡಿದುಕೊಂಡಳು. ಅದೇ ಕ್ಷಣ ಆಕೆಯ ಕಂಪನಿ ಹುಟ್ಟಿತು. ಇವತ್ತು ಆ ಮೇಳದಲ್ಲಿ ಹದಿನೇಳು ಕಲಾವಿದೆಯರಿದ್ದಾರೆ, ಎಲ್ಲರ ಹಲ್ಲು ಕೂಡಿಸಿದರೂ ಮೂವತ್ತೆರಡಾಗುವುದಿಲ್ಲ, ಸೊಲ್ಲಾಪುರದ ಡ್ಯಾನ್ಸಿನವರು ಇವರ ತಾರೀಕು ನೋಡಿಕೊಂಡು ತಮ್ಮ ತಾರೀಕು ಇಡುತ್ತಾರೆ.

ಅವತ್ತು ಮಾತ್ರ ಮೊದಲ ಕಲಾವಿದೆಯನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ರುದ್ರವ್ವ ಮೈಕನ್ನು ಕೊನೆಗೂ ಹೊಳೆವ್ವನ ಕೈಗಿಟ್ಟು, ಕೂಡಲೇ ಷರತ್ತು ಹಾಕಿದಳು.

"ಬರತೀನಿ. ಆದರ ನನಗ ಬ್ಯಾರೆ ಮೈಕ ಬೇಕು. ಪರಸಪ್ಪ ಮುಂದಿನ ಸಾಲಿನ್ಯಾಗ ಕುಂದರಬೇಕು. ಮತ್ತ ಬೋರ್ಡಿನ ಮ್ಯಾಲ ನನ್ನ ಹೆಸರ ಮೊದಲ ಬರಬೇಕು."

"ಯಾವ ಹೆಸರ ಬರಸಲಿ ಆಯಿ? ಚಿಮಣವ್ವನೋ, ರುದ್ರವ್ವನೋ?"

ಮುದುಕಿ ಒಮ್ಮೆ ಪರಸಪ್ಪನ ಕಡೆ ನೋಡಿದಳು, ಒಮ್ಮೆ ಬಾಗಿಲು ಬಿಟ್ಟು ಕದಲದ ಮಂದಿಯ ಕಡೆ ನೋಡಿದಳು.

"ಎರಡೂ ಬರಸ ಬೇ. ಇಬ್ಬರ ಅದಾರ ಅಂತ ತಿಳಕೊಂಡ ನಾಕ ಮಂದಿ ಹೆಚ್ಚ ಬರತಾರ."